ಉಮಾ ದೊಡ್ಡಮ್ಮನ ಧೈರ್ಯದ ಕ್ಲಾಸೂ ಸೋಮವಾರದ ಜರ್ಕೂ

ಡ್ರೈವಿಂಗ್ ಲೈಸೆನ್ಸ್ ಇದ್ದೂ ಡ್ರೈವಿಂಗ್ ಬಾರದ ಹೆಂಗಸರು ತುಮಕೂರಿನಲ್ಲಿ ಎಷ್ಟಿದ್ದಾರೆ ಅನ್ನುವುದು ಸರ್ಕಾರಕ್ಕೆ ಗೊತ್ತಿಲ್ಲದಿರಬಹುದು, ನಮ್ಮ ಉಮಾ ದೊಡ್ಡಮ್ಮನಿಗೆ ಗೊತ್ತು. ಅವರಲ್ಲಿ ಮುಕ್ಕಾಲು ಜನ ಶೆಟ್ಟಿಹಳ್ಳಿಯ ಅವಳ ಮನೆ ಗೇಟಿನ ಮುಂದೆ ನಿಂತು, ವ್ಯಾನಿಟಿ ಬ್ಯಾಗಿನಿಂದ ಕಾರ್ಡ್ ತೆಗೆದು ತೋರಿಸಿ, "ಇದೇನೋ ಇದೆ ಅಕ್ಕ, ಧೈರ್ಯ ಇಲ್ಲ" ಅಂದವರೇ. ದೊಡ್ಡಮ್ಮ ಆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಫೋಟೋದಲ್ಲಿ ಚೆನ್ನಾಗಿ ಬಂದಿದೀಯ ಅಂತ ಮೊದಲು ಹೇಳಿ, ಆಮೇಲೆ ಕಾರಿನ ಕೀ ಕೈಗಿಡುತ್ತಾಳೆ. ಇದಕ್ಕೆ ಅವಳೇ ಇಟ್ಟ ಹೆಸರು ಧೈರ್ಯದ ಕ್ಲಾಸು.

ಅವಳ ಪೂರ್ತಿ ಹೆಸರು ಉಮಾಮಹೇಶ್ವರಿ, ನಮ್ಮಮ್ಮನ ಅಕ್ಕ. ಅವಳ ಲೈಸೆನ್ಸೂ ಬಹಳ ಕಾಲ ಬ್ಯಾಂಕಿನಲ್ಲಿ ಐಡಿ ಪ್ರೂಫ್ ಆಗಿ ದುಡಿದದ್ದೇ ಹೊರತು ರೋಡು ಕಂಡಿರಲಿಲ್ಲ. ಒಂದು ದಿನ ಸೋಮಶೇಖರ್ ದೊಡ್ಡಪ್ಪ ಫ್ಯಾನ್ ಒರೆಸಲು ಸ್ಟೂಲ್ ಹತ್ತಿ, ಬಿದ್ದು, ಕಾಲು ಮುರಿದುಕೊಂಡರು. ಆಟೋ ಬರುವುದು ತಡವಾಯಿತು. ದೊಡ್ಡಮ್ಮ ಅವರನ್ನು ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿ, ತಾನೇ ಸ್ಟೇರಿಂಗ್ ಹಿಡಿದು, ಫಸ್ಟ್ ಗೇರಿನಲ್ಲೇ ಆಸ್ಪತ್ರೆ ಮುಟ್ಟಿಸಿದಳು. "ಸೆಕೆಂಡ್ ಹಾಕೇ, ಸೆಕೆಂಡ್ ಹಾಕೇ" ಅಂತ ದೊಡ್ಡಪ್ಪ ಆ ನೋವಿನಲ್ಲೂ ಕೂಗುತ್ತಿದ್ದರಂತೆ. "ಒಂದೊಂದೇ ಕಲೀತೀನಿ ಇರ್ರಿ" ಅಂದಳಂತೆ ಇವಳು. ದೊಡ್ಡಪ್ಪನ ಕಾಲು ಸರಿಹೋಯಿತು, ಆದರೆ ಡ್ರೈವರ್ ಸೀಟು ಅವರಿಗೆ ವಾಪಸ್ ಸಿಗಲಿಲ್ಲ.

ಕಲಿಸುವಾಗ ಅವಳು ಪಕ್ಕದ ಸೀಟಿನಲ್ಲಿ ಹುರಿಗಡಲೆ ತಿನ್ನುತ್ತಾ ಕೂತಿರುತ್ತಾಳೆ. ಸ್ಟೇರಿಂಗಿಗೆ ಕೈ ಹಾಕುವುದಿಲ್ಲ, ಕಿರುಚುವುದಿಲ್ಲ. ಹಿಂದಿನವನು ಹಾರ್ನ್ ಹೊಡೆದರೆ, "ಅದು ಅವನ ಆರೋಗ್ಯದ ಸಮಸ್ಯೆ, ನೀನು ನಿನ್ನ ಲೇನ್ ನೋಡು" ಅನ್ನುತ್ತಾಳೆ. ಹಿಂದಿನ ಸೀಟಿನಲ್ಲಿ ನಾನು ಇರಬೇಕು. ಯಾಕೆ ಅಂತ ಕೇಳಿದ್ದಕ್ಕೆ, "ಮಧು, ನಿನ್ನ ಹೆದರಿದ ಮುಖ ಮಿರರ್‌ನಲ್ಲಿ ಕಂಡ್ರೆ ಅವರಿಗೆ ತಾವೇ ಎಷ್ಟೋ ವಾಸಿ ಅನ್ಸತ್ತೆ ಕಣೇ" ಅಂದಳು. ನನಗೆ ಸೋಮವಾರ ಕಾಲೇಜು ಹನ್ನೊಂದಕ್ಕೆ ಶುರು, ಹಾಗಾಗಿ ಬಿ.ಕಾಂ. ಓದುತ್ತಲೇ ಈ ಪಾರ್ಟ್ ಟೈಮ್ ಹೆದರುವ ಕೆಲಸವನ್ನೂ ನಾನು ಖುಷಿಯಿಂದ ಒಪ್ಪಿಕೊಂಡಿದ್ದೇನೆ.

ಕಾರು ನನಗಿಂತ ಹಿರಿಯದು. ಪುಟ್ಟದು, ಬೂದು ಬಣ್ಣದ್ದು, ನಾಲ್ಕು ಜನ ಕೂತರೆ ಐದನೆಯವರ ಬ್ಯಾಗಿಗೂ ಜಾಗ ಇಲ್ಲ. ಆದರೂ ಮರಳೂರಿನ ಬ್ಯಾಂಕ್ ಮೇಡಂ ಕಾವ್ಯ ಅದರಲ್ಲೇ ರಿವರ್ಸ್ ಕಲಿತರು. ಬುಧವಾರ, ಗುರುವಾರ, ಶನಿವಾರ, ಯಾರು ಕೂತರೂ ಅದು ಹಾಲಿನ ಪ್ಯಾಕೆಟ್ ಜಾರಿದ ಹಾಗೆ ನುಣ್ಣಗೆ ಹೋಗುತ್ತಿತ್ತು. ಸೋಮವಾರ ವನಜಮ್ಮ ಕೂತರೆ ಮಾತ್ರ ಇಲ್ಲ.

ವನಜಮ್ಮ ಗುಬ್ಬಿಯವರು. ಅಲ್ಲಿ ಅವರದೊಂದು ಲೇಡೀಸ್ ಟೈಲರಿಂಗ್ ಅಂಗಡಿ, ಸೋಮವಾರ ರಜೆ. ಬೆಳಗ್ಗೆ ಬಸ್ಸಿನಲ್ಲಿ ಶೆಟ್ಟಿಹಳ್ಳಿಗೆ ಬಂದು, ದೊಡ್ಡಮ್ಮನ ಕಾರನ್ನು ಗುಬ್ಬಿಯ ತನಕ ಓಡಿಸಿಕೊಂಡು ಹೋಗುವುದೇ ಅವರ ಪಾಠ. ಅವರ ಮಗಳು ಸ್ವರ್ಣಲತಾಳನ್ನು ಕುಣಿಗಲ್‌ಗೆ ಕೊಟ್ಟಿದೆ. ಮಗಳನ್ನು ನೋಡಬೇಕೆಂದರೆ ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿನಿಂದ ಕುಣಿಗಲ್‌ಗೆ ಇನ್ನೊಂದು ಬಸ್ಸು, ಎರಡರಲ್ಲೂ ಸೀಟಿಗೆ ಕರ್ಚೀಫು ಎಸೆಯುವ ಯುದ್ಧ. ಮನೆಯಲ್ಲಿ ಕಾರು ಇಲ್ಲವೇ ಅಂದರೆ, ಇದೆ. ಗಂಡ ಕಾಂತೇಶ್ ಆಸೆಪಟ್ಟು ತಂದು, ಮೊದಲ ದಿನವೇ ಸ್ವಂತ ಮನೆಯ ಕಾಂಪೌಂಡಿಗೆ ಉಜ್ಜಿ, ಅಂದಿನಿಂದ ಅದನ್ನು ಮುಟ್ಟಿಲ್ಲ. ಈಗ ಅವರ ಅಣ್ಣನ ಮಗ ಆ ಕಾರು ನನಗೆ ಕೊಡಿ ಅಂತ ದಿನಾ ಮನೆಗೆ ಬಂದು ಕೂರುತ್ತಿದ್ದ. ಕಾಂತೇಶ್ ಹೆಂಡತಿಗೆ ಹೇಳಿಬಿಟ್ಟಿದ್ದರು: ಬರುವ ಸೋಮವಾರದ ಒಳಗೆ ನೀನು ಓಡಿಸುವುದು ಖಾತ್ರಿ ಆದರೆ ಕಾರು ಇರಲಿ, ಇಲ್ಲದಿದ್ದರೆ ಅವನಿಗೆ ಕೊಟ್ಟುಬಿಡೋಣ.

ಅಂಥ ವನಜಮ್ಮ ಕೂತಾಗಲೇ ಕಾರು ಶೆಟ್ಟಿಹಳ್ಳಿ ದಾಟುವ ಮೊದಲು ಕೆಮ್ಮಲು ಶುರುಮಾಡುತ್ತಿತ್ತು. ಹೋಗುತ್ತಾ ಹೋಗುತ್ತಾ ಟಕ್ ಅಂತ ಒಂದು ಜರ್ಕು, ಆಮೇಲೆ ಸ್ವಲ್ಪ ದೂರ ಸುಮ್ಮನೆ, ಮತ್ತೆ ಟಕ್, ಟಕ್ಟಕ್. ನನ್ನ ತಲೆ ಮುಂದಿನ ಸೀಟಿಗೆ ಹೋಗಿ ಬರುತ್ತಿತ್ತು. ಗುಬ್ಬಿ ಹತ್ತಿರವಾಗುವ ಹೊತ್ತಿಗೆ ಆ ಕೆಮ್ಮು ತಾನಾಗಿಯೇ ನಿಂತುಹೋಗುತ್ತಿತ್ತು.

ದೊಡ್ಡಮ್ಮ ಕಾರಣ ಕಂಡುಹಿಡಿದೇಬಿಟ್ಟಳು. "ವನಜಾ, ನೀನು ಹೊಲಿಗೆ ಮಿಷಿನ್ ತುಳಿದಂಗೆ ಆಕ್ಸಿಲರೇಟರ್ ತುಳೀತಾ ಇದೀಯ."

"ನಾನೆಲ್ಲಿ ತುಳಿದೆ ಉಮಕ್ಕ. ಇಟ್ಟ ಕಾಲು ಇಟ್ಟಂಗೇ ಐತೆ."

"ಅಭ್ಯಾಸ ಕಣೇ ಅದು, ನಿಂಗೆ ಗೊತ್ತಾಗಲ್ಲ."

"ನನ್ನ ಕಾಲು ನಂಗೆ ಗೊತ್ತಾಗಲ್ವಾ? ಇಂಜಿನ್ನೇ ಹೊಲಿಗೆ ಬಿಡ್ತಾ ಐತೆ ಕಣಕ್ಕ, ಕೇಳಿ. ನಾಕು ಬೀಳೋ ಕಡೆ ಮೂರು ಬೀಳ್ತಾ ಐತೆ."

ದೊಡ್ಡಮ್ಮ ಒಂದು ಹಿಡಿ ಹುರಿಗಡಲೆ ಬಾಯಿಗೆ ಹಾಕಿಕೊಂಡು, ಚೆನ್ನಾಗಿ ಅಗಿದು, "ಕಾಲು ಹಗುರ ಇಡು" ಅಂದಳು.

ಹಾಗಂತ ಅವಳು ಕಾರನ್ನು ತೋರಿಸದೇ ಬಿಟ್ಟವಳಲ್ಲ. ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಓಬಳಯ್ಯ ಅಂತ ಒಬ್ಬರು ಮೆಕ್ಯಾನಿಕ್ ಇದ್ದಾರೆ, ಹೊಸ ಕಾರು ಬಂದರೆ ಮುಖ ಸಿಂಡರಿಸಿ, ಹಳೆ ಕಾರು ಬಂದರೆ ಎದ್ದು ನಿಲ್ಲುವವರು. ಅವರ ಹತ್ತಿರ ಮಂಗಳವಾರ ಮಂಗಳವಾರ ಕಾರು ಹೋಗುತ್ತಿತ್ತು. ಅವರು ಬಾನೆಟ್ ಎತ್ತುತ್ತಿದ್ದರು. ಒಳಗೆ ಒಂದು ಕಪ್ಪು ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ಇರುತ್ತಿತ್ತು, ಒಮ್ಮೊಮ್ಮೆ ಬಾಡಿದ ಕಣಗಿಲೆ ಹೂವೂ. ಓಬಳಯ್ಯ ಅದಕ್ಕೆ ಕೈ ಮುಗಿದು, ಹೂವಿಗೆ ತಾಗದ ಹಾಗೆ ಸ್ಪ್ಯಾನರ್ ಹಾಕುತ್ತಿದ್ದರು. ಮೊದಲ ಸಲ ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ಇನ್ನೊಂದು ಸಲ ಪ್ಲಗ್ಗಿನ ವೈರುಗಳನ್ನೇ ಬದಲಾಯಿಸಿದರು. ಪೆಟ್ರೋಲ್ ಫಿಲ್ಟರ್ ಬಿಚ್ಚಿ ಊದಿದರು, ಕಾರ್ಬೊರೇಟರ್ ತೊಳೆದರು. ಆಮೇಲೆ ಒಂದು ರೌಂಡ್ ಓಡಿಸಿ ಬಂದು, "ಬೆಣ್ಣೆ ಅಮ್ಮೋರೆ, ಬೆಣ್ಣೆ" ಅನ್ನುತ್ತಿದ್ದರು. ನಿಜಕ್ಕೂ ಬೆಣ್ಣೆಯೇ. ಮುಂದಿನ ಸೋಮವಾರದವರೆಗೆ.

ಎಲ್ಲರ ಹತ್ತಿರವೂ ಒಂದೊಂದು ಥಿಯರಿ ಇತ್ತು. ಪೆಟ್ರೋಲಲ್ಲಿ ಕಲಬೆರಕೆ ಅಂದರು ಎದುರುಮನೆಯವರು. ನಾನು ರಾತ್ರಿಯೆಲ್ಲಾ ವಿಡಿಯೋ ನೋಡಿ ಇಗ್ನಿಷನ್ ಕಾಯಿಲ್ ಬಿಸಿಯಾಗಿ ಕೈಕೊಡುತ್ತಿದೆ ಅಂದೆ. ಬಿಸಿಯಾದ ಮೇಲೆ ಸರಿಹೋಗುತ್ತಲ್ಲಾ ಅಂತ ದೊಡ್ಡಮ್ಮ ಕೇಳಿದಾಗ ನನ್ನ ಥಿಯರಿ ಅಲ್ಲೇ ಕೂತಿತು. ದೊಡ್ಡಪ್ಪ ಮಾತ್ರ ಗುಬ್ಬಿ ರೋಡಿನ ಗಾಳಿ ಕಾರಿಗೆ ಆಗಿಬರುತ್ತಿಲ್ಲ ಅಂತ ಹೇಳಿ ಪೇಪರ್ ಹಿಂದೆ ಮುಖ ಮುಚ್ಚಿಕೊಂಡರು. ದೊಡ್ಡಮ್ಮನ ಅತ್ತೆ ಶಿವರುದ್ರಮ್ಮಜ್ಜಿಗೆ ಅನುಮಾನವೇ ಇರಲಿಲ್ಲ, ಅದು ದೃಷ್ಟಿ. "ದಿನಕ್ಕೊಬ್ಬಳು ಕೂತ್ಕೊಂಡು ಓಡಿಸ್ತಾಳೆ, ಆ ಕಾರಾದ್ರೂ ಏನು ಮಾಡೀತು" ಅನ್ನುತ್ತಿದ್ದರು.

ಕೊನೆಗೆ ಓಬಳಯ್ಯ ಕೈಚೆಲ್ಲಿದರು. "ಅಮ್ಮೋರೆ, ಕಾರಿಗೆ ಏನೂ ಆಗಿಲ್ಲ. ಆ ಮಂಡೇ ಮೇಡಂಗೇ ಏನೋ ಆಗಿರ್ಬೇಕು."

ಮಂಡೇ ಮೇಡಂ ಅನ್ನುವ ಆ ಹೆಸರು ಯಾರ ಬಾಯಿಂದ ಹೋಯಿತೋ, ವನಜಮ್ಮನ ಕಿವಿಗೂ ಬಿತ್ತು. ಅವರಿಗೆ ಅದು ಚುಚ್ಚಿತು ಅಂತ ನನಗೆ ಗೊತ್ತಾದದ್ದು ಆ ಕಡೆಯ ಸೋಮವಾರ, ಅವರು ಗೇಟಿನೊಳಗೆ ಬಂದು ಕೀ ತೆಗೆದುಕೊಳ್ಳದೆ ನಿಂತಾಗ.

"ಉಮಕ್ಕ, ಇವತ್ತು ಸಂಜೆ ನಮ್ಮನೆಯವ್ರಿಗೆ ನಾನು ಉತ್ತರ ಹೇಳ್ಬೇಕು. ಹಂಗಾಗಿ ಒಂದು ಮಾತು. ಇವತ್ತು ನೀವೇ ಓಡ್ಸಿ."

"ನಾನಾ? ನಂಗ್ಯಾಕೆ ಪಾಠ?"

"ಪಾಠ ಅಲ್ಲ. ಜರ್ಕ್ ಬರ್ಲಿಲ್ಲ ಅಂದ್ರೆ ತಪ್ಪು ನನ್ನ ಕಾಲ್ದೇ. ನಮ್ಮನೆ ಕಾರು ಆ ಅಣ್ಣನ ಮಗನಿಗೇ ಕೊಟ್ಬುಡ್ತೀನಿ, ಮತ್ತೆ ನಿಮ್ಮ ಗೇಟು ತಟ್ಟಲ್ಲ."

ದೊಡ್ಡಮ್ಮನಿಗೆ ಈ ಷರತ್ತು ಇಷ್ಟವಾಗಲಿಲ್ಲ. ಶಿಷ್ಯೆ ಹೋಗುವುದು ಅವಳಿಗೆ ಬೇಡ, ತನ್ನ ಮಾತು ಸುಳ್ಳಾಗುವುದೂ ಬೇಡ. ಆದರೂ ಡ್ರೈವರ್ ಸೀಟಿಗೆ ಹೋಗಿ ಕೂತಳು. ವನಜಮ್ಮ ಪಕ್ಕದಲ್ಲಿ ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟು, ಪೂಜೆಗೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿಕೊಂಡರು, ತನ್ನ ಕಾಲು ಎಲ್ಲಿಯೂ ತಾಗುತ್ತಿಲ್ಲ ಅಂತ ಇಡೀ ಶೆಟ್ಟಿಹಳ್ಳಿಗೆ ಕಾಣಲಿ ಅನ್ನುವ ಹಾಗೆ. ಹಿಂದೆ ನಾನು ಉಗುರು ಕಚ್ಚುತ್ತಿದ್ದೆ. ನನಗೆ ಜರ್ಕು ಬೇಕಾಗಿತ್ತು. ಕಾರು ಕೆಡಲಿ ಅಂತ ನಾನು ಪ್ರಾರ್ಥನೆ ಮಾಡಿದ್ದು ಜೀವನದಲ್ಲಿ ಅದೇ ಮೊದಲು.

ಮೊದಲ ತಿರುವು ಬೆಣ್ಣೆ. ಎರಡನೆಯದೂ ಬೆಣ್ಣೆ. ವನಜಮ್ಮನ ಮುಖ ಸಣ್ಣಗಾಗುತ್ತಾ ಬಂತು. ಮೇನ್ ರೋಡಿನ ಏರಿಗೆ ಬಂದು ದೊಡ್ಡಮ್ಮ ಸ್ವಲ್ಪ ಜಾಸ್ತಿ ಒತ್ತಿದಳು ನೋಡಿ, ಟಕ್.

ವನಜಮ್ಮ ಮಡಚಿದ ಕಾಲುಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

"ರೋಡ್ ಸರಿ ಇಲ್ಲ" ಅಂದಳು ದೊಡ್ಡಮ್ಮ.

ಟಕ್ಟಕ್.

"ಉಮಕ್ಕ," ಅಂದರು ವನಜಮ್ಮ, ದನಿ ತುಂಬಾ ಮೆತ್ತಗೆ, "ನಿಮ್ಮನೇಲೂ ಹೊಲಿಗೆ ಮಿಷಿನ್ ಐತಾ?"

ನಾನು ಸೀಟಿನ ಮರೆಗೆ ತಲೆ ತಗ್ಗಿಸಿದೆ. ದೊಡ್ಡಮ್ಮ ನಗುತ್ತಾಳೋ ಬೈಯುತ್ತಾಳೋ ತಿಳಿಯಲಿಲ್ಲ. ಅವಳು ಎರಡೂ ಮಾಡದೆ ಇಂಡಿಕೇಟರ್ ಹಾಕಿ, ಗುಬ್ಬಿ ಕಡೆಗೆ ಹೋಗಬೇಕಿದ್ದ ಕಾರನ್ನು ಸತ್ಯಮಂಗಲದ ಕಡೆಗೆ ತಿರುಗಿಸಿದಳು. ಮಂಗಳವಾರದವರೆಗೆ ಕಾಯದೆ, ಕೆಮ್ಮುತ್ತಿರುವಾಗಲೇ ಡಾಕ್ಟರ ಹತ್ತಿರ ಹೋಗಬೇಕು ಅಂತ ನಮಗೆ ಯಾರಿಗೂ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. "ಆಫ್ ಮಾತ್ರ ಮಾಡ್ಬೇಡಿ ಅಕ್ಕ, ತೋರಿಸ್ಬೇಕು ಅವ್ರಿಗೆ" ಅಂತ ವನಜಮ್ಮ ದಾರಿಯುದ್ದಕ್ಕೂ ಹೇಳುತ್ತಿದ್ದರು. ಒಂದೊಂದು ಜರ್ಕಿಗೂ ಅವರ ಮುಖ ಒಂದೊಂದು ವೋಲ್ಟ್ ಜಾಸ್ತಿ ಬೆಳಗುತ್ತಿತ್ತು.

ಓಬಳಯ್ಯ ಟೀ ಕುಡಿಯುತ್ತಿದ್ದವರು ಶಬ್ದ ಕೇಳಿಯೇ ಎದ್ದು ಬಂದರು. "ಓಹೋ, ಕೊನೆಗೂ ನನ್ನ ಮುಂದೆ ಕೆಮ್ತು."

"ಇವತ್ತು ಮಂಡೇ ಮೇಡಂ ಓಡಿಸಿಲ್ಲ," ಅಂದರು ವನಜಮ್ಮ ಕೆಳಗಿಳಿದು, "ಅವ್ರ ಕಾಲು ಇಲ್ಲೈತೆ ನೋಡ್ಕಳಿ."

ಓಬಳಯ್ಯ ನಾಲಿಗೆ ಕಚ್ಚಿಕೊಂಡು ಬಾನೆಟ್ ಒಳಗೆ ತಲೆ ಹಾಕಿದರು. ಇಂಜಿನ್ ಓಡುತ್ತಲೇ ಇತ್ತು. ಮೂರು ನಾಲ್ಕು ನಿಮಿಷ ಕಿವಿಗೊಟ್ಟು ನಿಂತರು. ಅಷ್ಟರಲ್ಲಿ ಬಿಸಿ ಏರಿ ಕೆಮ್ಮು ಕಡಿಮೆಯಾಗತೊಡಗಿತು. "ಹೋಗ್ತಾ ಐತೆ, ಹೋಗ್ತಾ ಐತೆ" ಅಂತ ವನಜಮ್ಮ ಬಸ್ಸು ತಪ್ಪಿದವರ ಹಾಗೆ ಒದ್ದಾಡಿದರು. ಓಬಳಯ್ಯ ಕುಡಿಯುವ ನೀರಿನ ಬಾಟಲಿಯಿಂದ ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ವೈರುಗಳ ಕಡೆ ಚಿಮುಕಿಸಿದರು. ಟಕ್ಟಕ್ಟಕ್. ಕೆಮ್ಮು ವಾಪಸ್.

"ಎಲ್ಲೋ ಕರೆಂಟ್ ಸೋರ್ತಾ ಐತೆ. ಬೆಳಕಲ್ಲಿ ಕಾಣಲ್ಲ ಅದು," ಅಂದರು. ಕಾರಿನಡಿ ಮಲಗಲು ಹಾಸಿಕೊಳ್ಳುವ ಕಂಬಳಿ ಕೊಡವಿ ತಂದು, ತಲೆಯ ಮೇಲಿಂದ ಬಾನೆಟ್ಟಿಗೆ ಗುಡಾರದ ಹಾಗೆ ಹೊದಿಸಿಕೊಂಡರು. ಒಳಗೆ ಕತ್ತಲು. ಹೊರಗೆ ಅವರ ಕಾಲು ಮಾತ್ರ. ಸ್ವಲ್ಪ ಹೊತ್ತಿಗೆ ಆ ಕಾಲು ಒಂದು ಹೆಜ್ಜೆ ಹಿಂದೆ ಬಂತು, ಕಂಬಳಿಯೊಳಗಿಂದ ಗಲ್ಲ ಬಡಿದುಕೊಂಡ ಸದ್ದು ಕೇಳಿಸಿತು.

"ಅಮ್ಮೋರೆ, ಒಸಿ ಬನ್ನಿ ಇಲ್ಲಿ. ಸೆರಗು ಬಿಗಿ ಮಾಡ್ಕಂಡು ಬನ್ನಿ. ಯಾರೂ ಏನೂ ಮುಟ್ಟಂಗಿಲ್ಲ."

ದೊಡ್ಡಮ್ಮ ಒಂದು ಕಡೆಯಿಂದ, ವನಜಮ್ಮ ಇನ್ನೊಂದು ಕಡೆಯಿಂದ ಕಂಬಳಿಯೊಳಗೆ ನುಗ್ಗಿದರು, ಮಧ್ಯದ ಸಂದಿಯಲ್ಲಿ ನಾನು. ಕುರಿ ವಾಸನೆ, ಆಯಿಲ್ ವಾಸನೆ, ಮತ್ತೆ ಎದುರಿಗೆ, ನನ್ನ ಆಣೆಗೂ ನಾನು ಅಷ್ಟು ಚಂದದ್ದನ್ನು ಯಾವ ಲ್ಯಾಬಿನಲ್ಲೂ ನೋಡಿಲ್ಲ. ಆ ಕಪ್ಪು ಮುಚ್ಚಳದ ಮೇಲಿನ ಮೂರು ವಿಭೂತಿ ಪಟ್ಟೆಗಳ ಮೇಲೆ ನೀಲಿ ಮಿಂಚು ಇರುವೆ ಸಾಲಿನ ಹಾಗೆ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಒಂದು ಸಲ ಮೇಲಿನ ಗೆರೆಯಲ್ಲಿ, ಒಂದು ಸಲ ಕೆಳಗಿನದರಲ್ಲಿ. ಅದು ಹೊಳೆದಾಗಲೆಲ್ಲಾ ಇಂಜಿನ್ ಟಕ್ ಅನ್ನುತ್ತಿತ್ತು.

"ಶಿವ ಶಿವಾ" ಅಂದಳು ದೊಡ್ಡಮ್ಮ.

"ಇದು ಒಳ್ಳೇದಾ, ಕೆಟ್ಟದ್ದಾ?" ಕೇಳಿದರು ವನಜಮ್ಮ.

"ದೇವ್ರಿಗೆ ಒಳ್ಳೇದು. ಇಂಜಿನ್‌ಗೆ ಕೆಟ್ಟದ್ದು," ಅಂದರು ಓಬಳಯ್ಯ.

ಕಂಬಳಿ ತೆಗೆದು, ಇಂಜಿನ್ ಆಫ್ ಮಾಡಿಸಿ ಅವರು ಬಿಡಿಸಿ ಹೇಳಿದರು. ಆ ಮುಚ್ಚಳ ಡಿಸ್ಟ್ರಿಬ್ಯೂಟರಿನದು. ಸಿಲಿಂಡರುಗಳಿಗೆ ಸರದಿ ಪ್ರಕಾರ ಕಿಡಿ ಹಂಚುವುದು ಅದರ ಕೆಲಸ. ಒಣ ವಿಭೂತಿಯಿಂದ ತೊಂದರೆ ಇಲ್ಲ. ಒದ್ದೆ ವಿಭೂತಿ ಹಚ್ಚಿದರೆ ಕಿಡಿ ಪ್ಲಗ್ಗಿಗೆ ಹೋಗದೆ ಆ ಗೆರೆ ಹಿಡಿದು ಅಡ್ಡದಾರಿಯಲ್ಲಿ ಹೋಗುತ್ತದೆ, ಒಂದು ಸಿಲಿಂಡರ್ ಸುಮ್ಮನೆ ಕೂರುತ್ತದೆ. ಗುಬ್ಬಿ ಬರುವಷ್ಟರಲ್ಲಿ ಇಂಜಿನ್ ಬಿಸಿಗೆ ಒಣಗುತ್ತದೆ, ಮಂಗಳವಾರ ಇವರ ಹತ್ತಿರ ಬಂದಾಗ ಎಲ್ಲಾ ಬೆಣ್ಣೆ.

"ಅಷ್ಟು ಸಲ ನೋಡಿದೀರಲ್ಲಾ ಓಬಳಯ್ಯ, ಒಂದ್ಸಲ ಒರೆಸಬಾರ್ದಿತ್ತಾ?"

"ಏನಮ್ಮೋರೆ ನೀವು. ಪೂಜೆ ಮಾಡಿರೋದನ್ನ ನಾನು ವೇಸ್ಟ್ ಬಟ್ಟೇಲಿ ಒರೆಸೋದಾ? ನೀವೇ ಹಚ್ತೀರ ಅಂದ್ಕಂಡಿದ್ದೆ."

"ನಾನು ಬಾನೆಟ್ ಎತ್ತೇ ಇಲ್ಲ" ಅಂದಳು ದೊಡ್ಡಮ್ಮ. ಬಾನೆಟ್ ಒಳಗಿನದು ಓಬಳಯ್ಯನ ಡಿಪಾರ್ಟ್‌ಮೆಂಟ್ ಅನ್ನುವುದು ಅವಳ ಪಾಲಿಸಿ. ಮನೆಯಲ್ಲಿ ಬಾನೆಟ್ ಎತ್ತಲು ಬರುವವರು ಇನ್ನೊಬ್ಬರೇ. ಅವಳು ಫೋನ್ ತೆಗೆದು ಸ್ಪೀಕರಿಗೆ ಹಾಕಿದಳು.

"ರೀ, ಸೋಮವಾರ ಬೆಳಗ್ಗೆ ನಾನು ಸ್ನಾನಕ್ಕೆ ಹೋದಾಗ ಕಾರಿನ ಹತ್ರ ಏನು ಮಾಡ್ತೀರಿ?"

ಆ ಕಡೆ ಪೇಪರ್ ಮಡಚಿದ ಸದ್ದು. "ನಾನೇನೂ ಮಾಡಲ್ಲ ಕಣೇ. ಅಮ್ಮ ಪೂಜೆ ಮಾಡ್ತಾರೆ. ನಾನು ಬಾನೆಟ್ ಎತ್ತಿ ಹಿಡ್ಕೋತೀನಿ, ಅಷ್ಟೇ."

"ಯಾವತ್ತಿಂದ?"

"ನೀನು ಪೇಂಟ್ ಮಾಡಿಸಿದೆಯಲ್ಲ, ಅವತ್ತಿಂದ."

ಫೋನ್ ಕೈ ಬದಲಾಯಿತು. ಶಿವರುದ್ರಮ್ಮಜ್ಜಿಯ ದನಿ. "ನೀನೇ ಅಲ್ವೇನೇ ಹೇಳಿದ್ದು, ಹೊರಗೆ ಹಚ್ಬ್ಯಾಡಿ ಅತ್ತೆ, ಪೇಂಟಿಗೆ ಕಲೆ ಆಗ್ತದೆ ಅಂತ. ಒಳಗೆ ನೋಡಿದ್ರೆ ಗುಂಡಗೆ, ಕರ್ರಗೆ, ಥೇಟ್ ಲಿಂಗ. ಸುತ್ತ ಆ ವೈರು ಹಾವು ಹೆಡೆ ಎತ್ತಿದಂಗೆ ಐತೆ. ಕಣ್ಣಿಗೆ ಬಿದ್ದ ಮೇಲೆ ಸುಮ್ನೆ ಬರೋದಕ್ಕೆ ಆಗ್ತದಾ? ಸೋಮವಾರ ಬೇರೆ. ಒಂದು ಉದ್ಧರಣೆ ನೀರು ಬಿಟ್ಟು, ವಿಭೂತಿ ಧರಿಸಿ, ಒಂದು ಹೂವ ಇಡ್ತೀನಿ."

"ನೀರೂ ಬಿಡ್ತೀರಾ ಅತ್ತೆ?"

"ಅಭಿಷೇಕ ಬೇಡ್ವಾ. ಆ ಗುಬ್ಬಿ ಹುಡುಗಿಗೆ ಕಾರು ಕಾಟ ಕೊಡ್ತದೆ ಅಂದ ಮೇಲೆ ಅವಳ ಹೆಸರಲ್ಲಿ ಎರಡು ಉದ್ಧರಣೆ ಜಾಸ್ತಿನೇ ಬಿಡ್ತಾ ಇದೀನಿ."

ನಾನು ವನಜಮ್ಮನ ಕಡೆ ನೋಡಿದೆ. ಅವರ ಕಾಲಿನ ಮೇಲೆ ಬಂದ ಆಪಾದನೆಯೆಲ್ಲ ಅವರಿಗೆ ಒಳ್ಳೆಯದಾಗಲಿ ಅಂತ ಮಾಡಿದ ಪೂಜೆಯಿಂದಲೇ ಬಂದದ್ದು. ಜರ್ಕು ಹೆಚ್ಚಾದಷ್ಟೂ ಪೂಜೆ ಹೆಚ್ಚು, ಪೂಜೆ ಹೆಚ್ಚಾದಷ್ಟೂ ಜರ್ಕು ಹೆಚ್ಚು. ವನಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಭುಜ ಕುಲುಕಿಸಿ ನಗುತ್ತಿದ್ದರು.

ದೊಡ್ಡಮ್ಮ ಅತ್ತೆಗೆ ನೀಲಿ ಮಿಂಚಿನ ವಿಷಯ ಹೇಳಿದಳು. ಅಜ್ಜಿ, "ಮೂರೂ ಗೆರೆಯಲ್ಲಿ ಓಡ್ತಾ?" ಅಂತ ಕೇಳಿದರು. ಮೂರೂ ಗೆರೆಯಲ್ಲಿ ಅಂತ ಗೊತ್ತಾದ ಮೇಲೆ ದನಿಗೆ ತೃಪ್ತಿ ಬಂತು. "ಹಂಗಾದ್ರೆ ತಗ್ದುಬುಡಿ. ಆದ್ರೆ ಬಟ್ಟೇಲಿ ಒರೆಸ್ಬ್ಯಾಡಿ ಕಣ್ರೇ. ಹಣೆಗೆ ತಗೊಳ್ಳಿ. ನಾನು ಇನ್ಮೇಲೆ ಸ್ಟೇರಿಂಗ್‌ಗೆ ಹಚ್ತೀನಿ."

"ಒಣಗಿದ್ದು" ಅಂದಳು ದೊಡ್ಡಮ್ಮ.

"ಆಯ್ತು, ಒಣಗಿದ್ದು."

ಹೀಗಾಗಿ ಸತ್ಯಮಂಗಲದ ಗ್ಯಾರೇಜಿನಲ್ಲಿ ಸಾಲಾಗಿ ನಿಂತು ಒಬ್ಬೊಬ್ಬರೇ ಡಿಸ್ಟ್ರಿಬ್ಯೂಟರಿನಿಂದ ವಿಭೂತಿ ತೆಗೆದುಕೊಂಡೆವು. ಮೊದಲು ಓಬಳಯ್ಯ, ಆಮೇಲೆ ದೊಡ್ಡಮ್ಮ, ಆಮೇಲೆ ನಾನು. ವನಜಮ್ಮ ಹಣೆಗೆ ಒಂದು ಗೆರೆ ಎಳೆದುಕೊಂಡು, ಉಳಿದದ್ದನ್ನು ಬಗ್ಗಿ ತಮ್ಮ ಬಲಗಾಲಿನ ಹೆಬ್ಬೆರಳಿಗೆ ಮುಟ್ಟಿಸಲು ಹೋದರು. "ಏ, ಕಾಲಿಗೆ ಹಚ್ಬಾರ್ದು" ಅಂತ ದೊಡ್ಡಮ್ಮ ತಡೆದಳು. "ಅದರ ಮೇಲೇ ಅಲ್ವಾ ಅಕ್ಕ ಕೇಸು ಇದ್ದಿದ್ದು" ಅಂದರು ಅವರು. ಕೊನೆಗೆ ಓಬಳಯ್ಯ ಮುಚ್ಚಳ ಬಿಚ್ಚಿ, ಒಳಗೂ ಹೊರಗೂ ಒಣಗಿಸಿ, ತಿರುಗಿ ಕೂರಿಸಿದರು. ಮೇಲೆ ಇನ್ನೊಂದು ಬಾಟಲಿ ನೀರು ಚಿಮುಕಿಸಿ ಸ್ಟಾರ್ಟ್ ಮಾಡಿದರು. ಬೆಣ್ಣೆ.

ಉಮಾ ದೊಡ್ಡಮ್ಮ ಸಾರಿ ಕೇಳುವುದಿಲ್ಲ. ಯಾರಿಗೂ ಕೇಳಿದ್ದನ್ನು ನಾನು ನೋಡಿಲ್ಲ. ಅವಳು ಕಾರಿನ ಎಡಗಡೆಗೆ ಸುತ್ತಿ ಬಂದು, ಬಾಗಿಲು ತೆಗೆದು, ಪಕ್ಕದ ಸೀಟಿನಲ್ಲಿ ಕೂತು, ಹುರಿಗಡಲೆ ಡಬ್ಬಿ ಮುಚ್ಚಳ ತೆಗೆದು ಮೊದಲು ವನಜಮ್ಮನ ಕಡೆಗೆ ಚಾಚಿದಳು. ಇಷ್ಟು ದಿನದಲ್ಲಿ ಯಾರಿಗೂ ಅದು ಸಿಕ್ಕಿರಲಿಲ್ಲ.

"ಇವತ್ತು ಗುಬ್ಬಿ ಬೇಡ. ಕುಣಿಗಲ್‌ಗೆ ತಿರುಗ್ಸು."

"ಕುಣಿಗಲ್‌ಗಾ? ಮಗಳಿಗೆ ಹೇಳೇ ಇಲ್ಲ ಅಕ್ಕ."

"ಕಾರಿರೋರು ಹೇಳ್ಕೊಂಡು ಹೋಗ್ತಾರಾ?"

ನನ್ನ ಕಾಲೇಜು ಆ ದಿನ ನನ್ನನ್ನು ಬಿಟ್ಟೇ ನಡೆಯಿತು. ತುಮಕೂರು ದಾಟಿದ ಮೇಲೆ ವನಜಮ್ಮನ ಕೈ ಸ್ಟೇರಿಂಗಿನ ಮೇಲೆ ಸಡಿಲವಾಯಿತು. ಲಾರಿಗೆ ದಾರಿ ಬಿಟ್ಟರು, ಟ್ರ್ಯಾಕ್ಟರನ್ನು ಓವರ್‌ಟೇಕ್ ಮಾಡಿದರು, ಮಾಡಿದ ಮೇಲೆ "ಮಾಡ್ಬುಟ್ಟೆ" ಅಂತ ತಮಗೆ ತಾವೇ ಹೇಳಿಕೊಂಡರು. ಇಂಜಿನ್ ಒಂದೇ ಒಂದು ಹೊಲಿಗೆ ಬಿಡಲಿಲ್ಲ. ದೊಡ್ಡಮ್ಮ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಳು. ಅದು ಅವಳು ಕೊಡುವ ಅತಿ ದೊಡ್ಡ ಸರ್ಟಿಫಿಕೇಟು.

ಕುಣಿಗಲ್ ಬಸ್‌ಸ್ಟ್ಯಾಂಡಿನ ಮುಂದೆ, ಎಲ್ಲಾ ಕಡೆಯಿಂದ ಎಲ್ಲರೂ ನುಗ್ಗುವ ಜಾಗದಲ್ಲಿ, ಕಾರು ಒಂದು ದೊಡ್ಡ ಜರ್ಕು ಹೊಡೆದು ಆಫ್ ಆಯಿತು. ಮತ್ತೆ ಅದೇ ಕೆಮ್ಮಾ ಅಂತ ನಾನು ಬಾನೆಟ್ ಕಡೆ ಕತ್ತು ಚಾಚಿದೆ. ಹಿಂದೆ ಒಂದು ಬಸ್ಸು ಹಾರ್ನ್ ಒತ್ತಿ ಹಿಡಿದಿತ್ತು, ಕಂಡಕ್ಟರ್ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ. ಸರಿಯಾಗಿ ಆಗಲೇ ವನಜಮ್ಮನ ಫೋನ್ ಹೊಡೆದುಕೊಂಡಿತು. ದೊಡ್ಡಮ್ಮ ಕಣ್ಣು ತೆರೆದು, ಎತ್ತಿ, ಸ್ಪೀಕರಿಗೆ ಹಾಕಿ ಹಿಡಿದಳು. ಕಾಂತೇಶ್.

"ಏನಾಯ್ತೇ? ಅಣ್ಣನ ಮಗ ಬಂದು ಕೂತವ್ನೆ. ಏನು ಹೇಳ್ಲಿ? ಎಲ್ಲಿದೀಯ?"

"ಕುಣಿಗಲ್ ಬಸ್‌ಸ್ಟ್ಯಾಂಡ್ ಮುಂದೆ ಅಡ್ಡ ನಿಂತಿದೀನಿ."

"ಯಾಕೆ, ಕಾರು ಕೆಡ್ತಾ?"

"ಕಾರಿಗೇನಾಗೈತೆ, ಚೆನ್ನಾಗೈತೆ. ಥರ್ಡ್ ಗೇರಲ್ಲೇ ಕ್ಲಚ್ ಬಿಟ್ಬುಟ್ಟೆ. ಇದು ನನ್ನದೇ ತಪ್ಪು." ಅಷ್ಟು ಹೇಳುವಾಗ ಅವರ ಮುಖ ನನಗೆ ಮಿರರಿನಲ್ಲಿ ಕಾಣುತ್ತಿತ್ತು. ಗಾಬರಿಯೇ ಇರಲಿಲ್ಲ, ಬದಲಿಗೆ ಹೆಮ್ಮೆ ಇತ್ತು. ಗೇರ್ ನ್ಯೂಟ್ರಲಿಗೆ ತಂದರು, ಕೀ ತಿರುಗಿಸಿದರು, ಫಸ್ಟ್ ಹಾಕಿದರು. "ಅವ್ನಿಗೆ ಟೀ ಕೊಟ್ಟು ಕಳಿಸಿ, ಕಾರು ಕೊಡಲ್ಲ ಅಂತ ಹೇಳ್ಬುಡಿ. ಇಡ್ತೀನಿ ರೀ, ಹಿಂದೆ ಬಸ್ಸು ಐತೆ."